ಹದಿನಾಲ್ಕನೆಯ ಫಾರಂ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ದೊಡ್ಡಪ್ಪಾ,

ನನ್ನ ಅಕ್ಷರ ನಿಮಗೆ ಗೊತ್ತೇ ಇದೆ, ಕೋಳಿ ಕೆದರಿದ ಹಾಗೆ. ನಾಲ್ಕನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ಕೈ ಇದು. ತಪ್ಪಿದ್ದಲ್ಲಿ ಬೈದುಕೊಂಡಾದರೂ ಸರಿ ಮಾಡಿಕೊಂಡು ಓದಿ. ಆದರೆ ಅಕ್ಕನ ಕೈಗೆ ಕೊಟ್ಟು ಓದಿಸಬೇಡಿ. ಕಿಟಕಿಯ ಹತ್ತಿರ ಕೂತು ನೀವೇ ಓದಿ, ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ.

ಮಂಡಿನೋವು ಹೇಗಿದೆ? ಅಲ್ಲಿಯೂ ಚಳಿ ಶುರುವಾಗಿರಬೇಕು, ಕಿವಿ ಮುಚ್ಚಿಕೊಳ್ಳದೆ ಹೊರಗೆ ಹೋಗಬೇಡಿ. ಅಮ್ಮ ಚೆನ್ನಾಗಿದ್ದಾಳೆ, ಕೆಮ್ಮು ಕಡಿಮೆಯಾಗಿದೆ. ಅಕ್ಕ ಅವಳಿಗೆ ಬರೆದ ಕಾಗದ ಮೊನ್ನೆ ಬಂತು. ನೀವು ಒಬ್ಬರೇ ರಸ್ತೆ ದಾಟುವುದನ್ನೇ ಬಿಟ್ಟಿದ್ದೀರಂತೆ. ಮಾತ್ರೆಗಳನ್ನು ಮೊಮ್ಮಗಳ ಕೈಯಲ್ಲಿ ಎಣಿಸಿಕೊಂಡು ತೆಗೆದುಕೊಳ್ಳುತ್ತೀರಂತೆ. ಕಣ್ಣಿನ ಡಾಕ್ಟರು ಏನೂ ಆಗಿಲ್ಲ ಎಂದರೂ, ‘ಅವರಿಗೇನು ಗೊತ್ತು, ಮೂವತ್ತು ವರ್ಷ ಎಣಿಸಿದೋನು ನಾನು, ನನ್ನ ಕಣ್ಣು ಹೋಗಿರೋದು ನನಗೇ ಗೊತ್ತು’ ಎಂದಿರಂತೆ. ಅಮ್ಮ ಅದನ್ನು ಓದಿ ಅಳುತ್ತಾ ಕೂತಳು. ನಾನು ಏನೋ ಕೆಲಸ ಇದ್ದವಳ ಹಾಗೆ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ದೊಡ್ಡಪ್ಪಾ. ಆಗಿರುವುದೆಲ್ಲ ನನ್ನಿಂದ. ಎರಡು ತಿಂಗಳಿಂದ ಇದನ್ನು ಗಂಟಲಲ್ಲಿ ಇಟ್ಟುಕೊಂಡು ಊಟ ಮಾಡುತ್ತಿದ್ದೇನೆ.

ಲೈಬ್ರರಿಯಿಂದ ನಮ್ಮ ಬೈಂಡಿಂಗ್ ಅಂಗಡಿಗೆ ಹೊಸ ರಟ್ಟು ಹಾಕಲು ಬಂದ ಕಟ್ಟಿನಲ್ಲಿ ಆ ಪತ್ತೇದಾರಿ ಕಾದಂಬರಿ ಇತ್ತು. ಹಳೆಯ ದಾರ ಬಿಚ್ಚಿ ಬಿಡಿಸಿದವಳು ನಾನೇ. ಹದಿನಾರು ಪುಟದ ಒಂದೊಂದು ಫಾರಂ ಬೇರೆ ಮಾಡಿ, ಎಣಿಸಿ, ಚೀಟಿಯಲ್ಲಿ ಹದಿನಾಲ್ಕು ಎಂದು ಬರೆದವಳೂ ನಾನೇ. ಮೊದಲ ಪುಟದ ಮೇಲೆ ಕಣ್ಣು ಬಿತ್ತು. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಒಬ್ಬ ಸತ್ತು ಬಿದ್ದಿದ್ದಾನೆ, ಕೈಯಲ್ಲಿ ನಿಂತುಹೋದ ಗಡಿಯಾರ. ಇಷ್ಟು ಓದಿದ ಮೇಲೆ ಹೇಗೆ ಬಿಡುವುದು? ‘ಕೆಲಸದ ಪುಸ್ತಕ ಓದಬಾರದು ಕಣೇ, ಕೈ ನಿಂತ್ಹೋಗುತ್ತೆ’ ಎಂದು ನೀವು ನೂರು ಸಲ ಹೇಳಿದ್ದಿರಿ. ಅದಕ್ಕೇ ಅಂಗಡಿಯಲ್ಲಿ ಓದಲಿಲ್ಲ. ಬುತ್ತಿ ಚೀಲದಲ್ಲಿ ದಿನಕ್ಕೊಂದು ಫಾರಂ ಮನೆಗೆ ಒಯ್ದು, ಬೆಳಿಗ್ಗೆ ತಂದು ಅದರ ಜಾಗದಲ್ಲೇ ಇಟ್ಟೆ. ಬೆರಳಿಟ್ಟು ಓದುವವಳು ನಾನು. ಆದರೂ ಹದಿಮೂರು ಫಾರಂ ಮುಗಿಸಿದೆ. ಪೊಲೀಸರು ಅಡುಗೆಯವನನ್ನು ಹಿಡಿದುಕೊಂಡು ಹೋಗಿದ್ದರು. ಅವನು ಮಾಡಿಲ್ಲ ಎಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಪಾಪ, ಅವನಿಗಾಗಿ ಅತ್ತಿದ್ದೇನೆ ಕೂಡ.

ಕೊನೆಯ ಫಾರಮನ್ನು ಶನಿವಾರ ತಂದೆ. ಭಾನುವಾರ ಮಧ್ಯಾಹ್ನ ಎಷ್ಟು ಚೆನ್ನಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸುಳ್ಳು ಬರೆಯಲಾರೆ. ಹೊರಗೆ ಮೋಡ, ತಣ್ಣನೆಯ ಗಾಳಿ. ಅಮ್ಮನ ಕೆಮ್ಮಿಗೆಂದು ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ ಬೇಯಿಸಿ, ಕಡೆದು, ಮೆಣಸು ಕುಟ್ಟಿ ಹಾಕಿ ಸೂಪು ಮಾಡಿದ್ದೆ. ಒಂದು ಬಟ್ಟಲು ಕುಡಿದು ಅವಳು ಮಲಗಿದಳು. ನಾನು ದೊಡ್ಡ ಲೋಟದ ತುಂಬ ಸುರಿದುಕೊಂಡು, ಕಂಬಳಿ ಹೊದ್ದು, ಗೋಡೆಗೆ ಒರಗಿ ಕೂತೆ. ಒಂದು ಗುಟುಕು, ಒಂದು ಸಾಲು. ಮೂಗಿನ ತುದಿ ತಣ್ಣಗೆ, ಹೊಟ್ಟೆ ಬೆಚ್ಚಗೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಕೂತಿದ್ದು ನೆನಪಿಲ್ಲ. ಕೊಂದವನು ಗಡಿಯಾರ ರಿಪೇರಿಯವನು ಎಂದು ಗೊತ್ತಾದ ಕ್ಷಣ ‘ಅಯ್ಯೋ, ಇವನಾ!’ ಎಂದು ಕೂಗಿಬಿಟ್ಟೆ. ಕೈ ಹಾರಿತು. ಸೂಪು ಅಷ್ಟೂ ಫಾರಂ ಮೇಲೆ.

ಒರೆಸಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕಿದೆ. ಆ ಹವೆಯಲ್ಲಿ ಎಲ್ಲಿ ಒಣಗಬೇಕು? ಸೋಮವಾರವೂ ಒದ್ದೆಯಾಗಿ, ಅರಿಶಿನ ಬಣ್ಣಕ್ಕೆ ತಿರುಗಿ, ಮೆಣಸಿನ ವಾಸನೆ ಹೊಡೆಯುತ್ತಿತ್ತು. ಆ ಪುಸ್ತಕ ಹೊಲಿಯುವ ಸರದಿ ಬರಲು ಎರಡು ದಿನ ಇದೆ, ಒಣಗಿದ ಮೇಲೆ ತಂದಿಟ್ಟರಾಯಿತು ಎಂದುಕೊಂಡೆ. ನೀವು ಅವತ್ತೇ ಅದನ್ನು ಕೈಗೆತ್ತಿಕೊಂಡಿರಿ.

ಹೆಬ್ಬೆರಳು ಆಡಿಸಿ ಎಣಿಸಿದಿರಿ. ನಿಲ್ಲಿಸಿದಿರಿ. ಮತ್ತೆ ಎಣಿಸಿದಿರಿ. ‘ಇಲಿಮರೀ, ಇದರಲ್ಲಿ ಹದಿಮೂರೇ ಇದೆಯಲ್ಲೇ, ಚೀಟೀಲಿ ಹದಿನಾಲ್ಕು ಬರೆದಿದ್ದೀಯ’ ಎಂದಿರಿ. ಮಾಲೀಕರು ಅಲ್ಲೇ ನಿಂತಿದ್ದರು. ನಾನು ನಿಮ್ಮ ಕೈಯಿಂದ ಕಟ್ಟು ತೆಗೆದುಕೊಂಡು ಎಣಿಸಿದ ಹಾಗೆ ಮಾಡಿ, ‘ಹದಿನಾಲ್ಕಿದೆ ದೊಡ್ಡಪ್ಪಾ, ಎರಡು ಅಂಟಿಕೊಂಡಿತ್ತು’ ಎಂದೆ. ನೀವು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡು, ‘ಸರಿ ಬಿಡು, ಮುದಿಗಣ್ಣು’ ಎಂದು ನಕ್ಕು ಸೂಜಿ ಹಾಕಿದಿರಿ. ಮೂರನೆಯ ಸಲ ಎಣಿಸಲಿಲ್ಲ. ನನ್ನ ಮಾತು ಸಾಕಾಯಿತು ನಿಮಗೆ.

ಮುಂದಿನದು ನಿಮಗೆ ಗೊತ್ತು. ಲೈಬ್ರರಿಯಿಂದ ಅದನ್ನು ಒಯ್ದು ಓದಿದ ಮೇಷ್ಟ್ರು ನೇರವಾಗಿ ಅಂಗಡಿಗೇ ಬಂದರು. ‘ಅಡುಗೆಯವನನ್ನ ಜೈಲಲ್ಲೇ ಬಿಟ್ಟು ಪುಸ್ತಕ ಮುಗಿಸಿದ್ದೀರಲ್ರೀ! ಕೊಂದೋನು ಯಾರು, ನೀವೇ ಹೇಳಿ!’ ಎಂದು ಮಾಲೀಕರನ್ನು ಕೇಳಿದಾಗ ಅಂಟು ಹಚ್ಚುವವರೆಲ್ಲ ಮುಸಿಮುಸಿ ನಕ್ಕರು. ಕೊಂದವನು ಯಾರೆಂದು ಆ ಅಂಗಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾಗದದ ಕಟ್ಟುಗಳ ಹಿಂದೆ ತಲೆ ತಗ್ಗಿಸಿ ನಿಂತಿದ್ದೆ. ಮಾಲೀಕರು ನಿಮ್ಮ ಕಡೆ ತಿರುಗಿದರು. ‘ಎಣಿಕೆ ನಂದೇ. ಕಣ್ಣು ಮೋಸ ಮಾಡ್ತು’ ಎಂದಿರಿ. ನನ್ನ ಹೆಸರು ಎತ್ತಲಿಲ್ಲ. ನನ್ನನ್ನು ಕಾಪಾಡಲೆಂದೇ ಹೆಸರು ಬಿಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ಸುಳ್ಳು ಹೇಳಬಹುದೆಂದು ನಿಮಗೆ ಹೊಳೆಯಲೇ ಇಲ್ಲ. ‘ಕಣ್ಣು ಕಾಣದೋನ ಕೈಗೆ ಸೂಜಿ ಕೊಟ್ರೆ ಹೀಗೇ’ ಎಂದರು ಅವರು. ನೀವು ಎದ್ದು ಚಪ್ಪಲಿ ಹುಡುಕಿದಿರಿ, ಆ ವಾರವೇ ಕೆಲಸ ಬಿಟ್ಟು ಮಗಳ ಊರಿಗೆ ಹೊರಟುಹೋದಿರಿ. ಅಡುಗೆಯವನಿಗಾಗಿ ಅತ್ತವಳ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಬಾಯಿಲ್ಲದ ಹುಡುಗಿ ಎಂದು ಎಲ್ಲರೂ ನನ್ನನ್ನು ಮೆಚ್ಚುತ್ತಾರೆ. ಸುಳ್ಳು ಹೇಳಲು ಮಾತ್ರ ಬಾಯಿ ಬಂತಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೆ ದಯವಿಟ್ಟು ಮಾತ್ರೆಗಳನ್ನು ನೀವೇ ಎಣಿಸಿಕೊಳ್ಳಿ. ರಸ್ತೆಯನ್ನು ನೀವೇ ದಾಟಿ. ಮಾಲೀಕರಿಗೆ ಇನ್ನೂ ಹೇಳಿಲ್ಲ, ಅವರ ಮುಂದೆ ನಿಂತರೆ ನಾಲಿಗೆ ಒಣಗುತ್ತದೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳಿ. ಪುಟ್ಟಿಗೆ ಮುತ್ತು. ನಿಮ್ಮ ಕಾಲಿಗೆ ಬೀಳುತ್ತೇನೆ.

ಇಂತಿ,
ನಿಮ್ಮ ಇಲಿಮರಿ

ಮರೆಯುವ ಮೊದಲು: ಇದು ಶುಕ್ರವಾರ ಬರೆಯುತ್ತಿರುವುದು, ಅಂಚೆ ಡಬ್ಬಿಯ ಪಕ್ಕದ ಕಟ್ಟೆಯ ಮೇಲೆ ಕೂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ ಮಾಲೀಕರಿಗೆ ಹೇಳಿದೆ. ‘ಏನಮ್ಮಾ ಗೊಣಗ್ತೀಯ, ಜೋರಾಗಿ ಹೇಳು’ ಎಂದರು. ಜೋರಾಗಿ ಹೇಳುವಷ್ಟರಲ್ಲಿ ಅಂಟಿನವರೆಲ್ಲ ಬಂದು ನಿಂತಿದ್ದರು, ಎಲ್ಲರಿಗೂ ಕೇಳಿಸಿತು. ಮಾಲೀಕರು, ‘ಯಾವತ್ತು ಬರ್ತಾರೆ ಅಂತ ಅವರಿಗೆ ಬರೆದು ಕೇಳು’ ಎಂದರು. ಯಾವತ್ತು ಬರುತ್ತೀರಿ ದೊಡ್ಡಪ್ಪಾ? ನನ್ನ ಕೆಲಸದ ವಿಷಯ ಅವರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೊರಕೆ ತೆಗೆದುಕೊಂಡು ಅಂಗಡಿ ಗುಡಿಸಿ, ಕಾಗದದ ಚೂರುಗಳನ್ನು ಹೊರಗೆ ಹಾಕಿ ಬಂದೆ.