ಶೀನಜ್ಜನ ನಡಿಗೆ

ಕಟಪಾಡಿ, ಭಾನುವಾರ

ಅಮ್ಮಾ,

ಮನೆಮನೆಗೆ ಹೋಗಿ ಹಿರಿಯರ ಆರೈಕೆ ಮಾಡುವ ಈ ಕೆಲಸವನ್ನೂ ನಾನು ಶಾಲೆಯ ಹಾಗೆ ಬಿಡುತ್ತೇನೆಂದು ಅಪ್ಪ ಹೇಳಿದ್ದರಲ್ಲ, ಬಿಟ್ಟಿಲ್ಲ.

ಪಾರ್ಶ್ವವಾಯು ಆಗಿದ್ದ ಶೀನಜ್ಜ ನನ್ನೆದುರು ಚೆನ್ನಾಗಿಯೇ ನಡೆಯುತ್ತಿದ್ದರು. ಒಂದು ದಿನ ಗೇಟಿನಿಂದ ತಿರುಗಿ ನೋಡಿದರೆ ತೆವಳುತ್ತಿದ್ದರು. ತಾನು ಸುಧಾರಿಸದಿದ್ದರೆ ಕೇಂದ್ರದಲ್ಲಿ ನನಗೆ ಬೈಗುಳ ಬೀಳುತ್ತದೆಂದು ಕಷ್ಟಪಟ್ಟು ನಡೆದು ತೋರಿಸುತ್ತಿದ್ದರಂತೆ. ಕೇಂದ್ರಕ್ಕೆ ಕೊಡುವ ವರದಿಯಲ್ಲಿ "ಸುಧಾರಣೆ ಇಲ್ಲ" ಎಂದು ಬರೆದೆ.

"ಎಂತ ಮಾರಾಯ್ತಿ, ನಮ್ಮ ಕೇಂದ್ರವೇ ಹಿಂದೆ ಬೀಳ್ತದೆ!" ಎಂದು ಮೇಲ್ವಿಚಾರಕಿ ಮೋಕ್ಷಕ್ಕ ರೇಗಿದರು. ನಾನು ತಿದ್ದಲಿಲ್ಲ. ಹಾಗಾಗಿ, ಅಜ್ಜ ಗುಣವಾದರೆಂದು ಬರುವುದನ್ನು ನಿಲ್ಲಿಸಿದ್ದ ಫಿಸಿಯೋದವರು ಮತ್ತೆ ಬಂದು ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರು.

ಇವತ್ತು ಪೇಟೆಯಲ್ಲಿ ಶೀನಜ್ಜ ಒಬ್ಬರೇ ಮೀನು ಹಿಡಿದುಕೊಂಡು ನಡೆದು ಬರುತ್ತಿದ್ದರು. ನನ್ನನ್ನು ಕಂಡು, "ನಿನಗೆ ರಜೆ ಅಲ್ವಾ? ಇವತ್ತು ನಾನು ನಡೆದದ್ದು ನಿನಗೋಸ್ಕರ ಅಲ್ಲ, ಬಂಗುಡೆಗೆ!" ಎಂದರು.

ಈ ಪತ್ರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು.

ನಿನ್ನ ಚೈತಾಲಿ