ಅವ್ವನ ಗುಳಿಗೆ ಚಹಾ

ಆಂಟಾಪ್ ಹಿಲ್, ಮುಂಬಯಿ
ಭಾನುವಾರ, 16 ನವೆಂಬರ್ 2025

ಪ್ರೀತಿಯ ಅವ್ವಾ,

ನಿನ್ನ ದಾನೇಶ್ವರಿಯ ಶರಣು. ಹೇಗಿದ್ದೀ? ಧಾರವಾಡದ ಚಳಿಗೆ ಮೊಣಕಾಲು ನೋವು ಹೆಚ್ಚಾಗಿಲ್ಲ ತಾನೆ? ಚಿಗವ್ವನ ಕಾಲಿನ ಪ್ಲಾಸ್ಟರ್ ತೆಗೆದರೇ? ಅವಳನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ನಿನ್ನ ಊಟ ಮರೆಯಬೇಡ. ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳು ನೀನು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅಣ್ಣ ಎಂದಿನಂತೆ ಡಬ್ಬಿ ಹಿಡಿದು ಕೆಲಸಕ್ಕೆ ಫೋರ್ಟ್‌ಗೆ ಹೋಗಿ ಬರುತ್ತಾನೆ. ನಿನ್ನ ಸೊಸೆ ಸೇವಂತಿ ವೈನಿಗೆ ಏಳು ತಿಂಗಳು ತುಂಬಿತು. ಕೂಸು ಚೆನ್ನಾಗಿ ಒದೆಯುತ್ತದಂತೆ. ಆದರೆ ಅವಳ ರಕ್ತ ಏರುತ್ತಿಲ್ಲ. ಸೋಮವಾರ ಪರೇಲ್‌ನ ಆಸ್ಪತ್ರೆಯಲ್ಲಿ ಮತ್ತೆ ತಪಾಸಣೆ ಮಾಡಿಸಿದೆವು. ಹಿಂದಿನ ತಿಂಗಳಿಗಿಂತಲೂ ಕಡಿಮೆ ಬಂದಿದೆ. ಹೀಗೇ ಇಳಿದರೆ ಹೆರಿಗೆಗೆ ತೊಂದರೆ, ಭರ್ತಿ ಮಾಡಿ ರಕ್ತ ಏರಿಸಬೇಕಾದೀತು ಎಂದರು ಡಾಕ್ಟರು. ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ ಎಂದು ವೈನಿ ಕಣ್ಣೀರು ಹಾಕಿದಳು. ಅದು ನಿಜ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಚಿಗವ್ವನ ಮನೆಯಲ್ಲಿ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀರಿ, ಹಿಂದೆ ಇಡೀ ಮನೆ ಕೇಳುತ್ತಿರುತ್ತದೆ. ಇದು ನಿನಗೊಬ್ಬಳಿಗೇ ಹೇಳಬೇಕಾದ ಮಾತು. ಪಕ್ಕದ ಮನೆಯ ಗುರಲಿಂಗಪ್ಪ ಕಾಕಾ ಇಂದಿನ ಬಸ್ಸಿಗೆ ಧಾರವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಹೋದ ಮೇಲೆ ಬಾಲವಾಡಿಯ ನೀಲಾಬಾಯಿ ನನ್ನನ್ನು ಕೆಲಸಕ್ಕೆ ಹಚ್ಚಿದ್ದಾರೆ. ಬಸುರಿಯರು, ಎಳೆಮಕ್ಕಳ ತಾಯಂದಿರು ಏನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಬುಧವಾರಕ್ಕೊಮ್ಮೆ ಅವರು ಮರಾಠಿಯಲ್ಲಿ ಹೇಳುತ್ತಾರೆ. ನಮ್ಮ ಮನೆಗಳ ಸಾಲಿನ ಕನ್ನಡದ ಹೆಂಗಸರಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ. ಕನ್ನಡದಲ್ಲಿ ಬಿ.ಎ. ಮಾಡಿದವಳಲ್ಲವೇ, "ಮಗ ತೂಚ್ ಸಾಂಗ್", ಹಾಗಾದರೆ ನೀನೇ ಹೇಳು, ಎಂದು ನನ್ನನ್ನೇ ಮುಂದೆ ನಿಲ್ಲಿಸಿದರು. ಮನೆಗೆ ಯಾರಾದರೂ ಬಂದರೆ ಒಲೆಯ ಹತ್ತಿರ ಸರಿದು ನಿಲ್ಲುವ ನಿನ್ನ ಮಗಳು ಇಪ್ಪತ್ತು ಜನರ ಎದುರು ಹೇಗೆ ನಿಂತಿರಬಹುದು, ನೀನೇ ಊಹಿಸಿಕೋ. ಗೋಡೆಯ ಮೇಲಿನ ಚಿತ್ರದಲ್ಲಿದ್ದ ಸೇಬು, ದಾಳಿಂಬೆ ನೋಡಿದ ದೇವಕ್ಕ, "ದಿನಾ ಸೇಬು ತಿನ್ನಾಕ ನಾವೇನ ಮಲಬಾರ್ ಹಿಲ್‌ನಾಗ ಅದೀವೇನ?" ಎಂದಳು. ಅದನ್ನು ನೀಲಾಬಾಯಿಗೆ ಮರಾಠಿಯಲ್ಲಿ ಹೇಳುವಷ್ಟರಲ್ಲಿ ನನಗೇ ನಗು ತಡೆಯಲಾಗಲಿಲ್ಲ. ನಗು ಬಂದ ಮೇಲೆ ಹೆದರಿಕೆ ಸ್ವಲ್ಪ ಹೋಯಿತು. ರಾಜಗಿರಿ ಸೊಪ್ಪು, ಮೆಂತ್ಯೆ ಪಲ್ಯ, ಮಡಿಕೆಕಾಳು, ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ ಎಂದು ನಾವು ಉಣ್ಣುತ್ತಿದ್ದದ್ದನ್ನೇ ಹೇಳಿದೆ. "ರೊಟ್ಟಿ ಬಿಟ್ಟ ಪಾವ್ ಹಿಡದ್ವಿ ನೋಡ, ಅಲ್ಲೇ ಕೆಟ್ಟಿತು" ಎಂದು ಯಾರೋ ಅಂದರು. ಎಲ್ಲರೂ ಹೌದೆಂದರು.

ಈ ಬುಧವಾರ ಮಾತ್ರ ನೀಲಾಬಾಯಿಯ ಒಂದು ಮಾತನ್ನು ಕನ್ನಡದಲ್ಲಿ ಹೇಳುವುದು ನನಗೆ ಕಷ್ಟವಾಯಿತು. ರಕ್ತದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು, ಗುಳಿಗೆಯಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ, ಎರಡರ ನಡುವೆ ಒಂದೆರಡು ತಾಸಾದರೂ ಬಿಡಬೇಕು ಎಂದರು. ಎದುರಿಗೆ ಕೂತಿದ್ದ ಬಸುರಿಯರೆಲ್ಲ ನಿನ್ನ ಗುಳಿಗೆ ಚಹಾ ಕುಡಿಯುವವರೇ, ಅವ್ವಾ. ಮೊದಮೊದಲು ವೈನಿ ಗುಳಿಗೆ ನುಂಗಿದ ಕೂಡಲೇ ಕಾರಿಕೊಳ್ಳುತ್ತಿದ್ದಾಗ ನೀನು ಶುಂಠಿ ಜಜ್ಜಿ ಹಾಕಿದ ಬಿಸಿ ಚಹಾ ಕೊಟ್ಟೆ, ವಾಂತಿ ನಿಂತಿತು. ಆ ಸುದ್ದಿ ಹಬ್ಬಿ, ಸಾಲಿನ ಬಸುರಿಯರೆಲ್ಲ ಹನ್ನೊಂದು ಗಂಟೆಗೆ ಗುಳಿಗೆ ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. ಮೋರಿಗೆ ಎಸೆಯುತ್ತಿದ್ದ ಗುಳಿಗೆಯನ್ನು ಅವರು ನುಂಗುವಂತೆ ಮಾಡಿದವಳು ನೀನು. ಆ ಮಾತಿಗೆ ನೀಲಾಬಾಯಿ ಇಂದಿಗೂ ನಿನ್ನ ಹೆಸರು ಹೇಳುತ್ತಾರೆ. ನೀನು ಹೋದ ಮೇಲೂ ವೈನಿ ಎಲ್ಲರಿಗೂ ಆ ಚಹಾ ಕೊಡುವುದನ್ನು ನಿಲ್ಲಿಸಿರಲಿಲ್ಲ.

ನಾನು ಗೋಡೆಯ ಚಿತ್ರದ ಕಡೆ ತಿರುಗಿ ನಿಂತಾಗ ದೇವಕ್ಕನ ಸೊಸೆ ಸ್ನೇಹಲ್ ತಿವಿದಳು, "ಬೋಲ್ ನಾ, ದಾನು." ವೈನಿಯ ಸೋಮವಾರದ ಮುಖ ನೆನಪಾಯಿತು. ಹೇಳಿಬಿಟ್ಟೆ. ಆಮೇಲೆ ದೇವಕ್ಕ ಸೊಂಟಕ್ಕೆ ಕೈಕೊಟ್ಟು, "ನೀ ಚನ್ನವ್ವನ ಮಗಳ ಹೌದಲ್ಲೋ? ಅವ್ವ ಊರಿಗೆ ಹೋಗೂದ ತಡ, ಅವ್ವನ ಚಾಕ್ಕ ಹೆಸರಿಡಾಕ ನಿಂತಾಳ ನೋಡ್ರೆವಾ!" ಎಂದಳು. ಕೊಠಡಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಆದರೂ, "ಅವ್ವನ ಚಾ ಛಲೋನ ಐತಿ, ದೇವಕ್ಕ. ಗುಳಿಗಿ ಜೋಡಿ ಬ್ಯಾಡ, ಅಷ್ಟ" ಎಂದೆ. ನನ್ನ ದನಿ ಹಿಂದಿನ ಸಾಲಿಗೂ ಕೇಳಿಸಿತು.

ಮರುದಿನದಿಂದ ಹನ್ನೊಂದಕ್ಕೆ ನಾನೇ ಬಾಗಿಲಲ್ಲಿ ಕೂರುತ್ತೇನೆ, ಲಿಂಬೆ ನೀರು ಮಾಡಿಕೊಂಡು. ಹುಳಿಯ ಜೊತೆ ಗುಳಿಗೆ ಚೆನ್ನಾಗಿ ಮೈಗೆ ಹತ್ತುತ್ತದಂತೆ. ಹೊಟ್ಟೆ ತೊಳಸುವವರು ಊಟವಾದ ಮೇಲೆ ನುಂಗಿದರೂ ಆಯಿತು. ಮೊದಲ ದಿನ ಸ್ನೇಹಲ್ ಒಬ್ಬಳೇ ಬಂದಳು, ಅದೂ ಅತ್ತೆಯ ಕಣ್ಣು ತಪ್ಪಿಸಿ. ಉಳಿದವರು ಇಣುಕಿ ನೋಡಿ, "ಚಾ ಇಲ್ಲಂದ್ರ ನಿಮ್ಮ ಮನಿಗೆ ಯಾಕ ಬರೂಣು?" ಎಂದು ಹಾಗೇ ತಿರುಗಿದರು. ಚಹಾ ಇದೆ, ಸಂಜೆ ನಾಲ್ಕಕ್ಕೆ ಬನ್ನಿ ಎಂದು ಅವರ ಬೆನ್ನಿಗೆ ಕೂಗಿ ಹೇಳಿದೆ. ಹೌದು ಅವ್ವಾ, ನಾನು ಕೂಗಿದೆ. ನಿನ್ನೆ ಇನ್ನಿಬ್ಬರು ಬಂದರು. ಯಾರೂ ಬಾರದ ದಿನವೂ ನಾನು ಅಲ್ಲಿಂದ ಏಳುವುದಿಲ್ಲ. ಬರುವ ಬುಧವಾರವೂ ಇದನ್ನೇ ಹೇಳುತ್ತೇನೆ. ನಿನ್ನನ್ನು ಸಣ್ಣವಳು ಮಾಡಲು ಹೀಗೆ ಮಾಡುತ್ತಿಲ್ಲ ಎಂದು ನೀನು ನಂಬುತ್ತೀ ಎಂದುಕೊಂಡಿದ್ದೇನೆ.

ಚಿಗವ್ವ ಬೇಗ ಎದ್ದು ಓಡಾಡಲಿ. ಮನೆಯ ಎಲ್ಲರಿಗೂ ನನ್ನ ನಮಸ್ಕಾರ ಹೇಳು. ನಿನ್ನ ಮೊಣಕಾಲಿಗೆ ಅಣ್ಣ ತಂದ ಎಣ್ಣೆಯನ್ನೂ ಕಾಕಾನ ಚೀಲದಲ್ಲಿ ಇಟ್ಟಿದ್ದೇನೆ.

ನಿನ್ನ ಮಗಳು,
ದಾನೇಶ್ವರಿ

ತಾ.ಕ.: ಕಾಕಾ ಚೀಲ ಹೆಗಲಿಗೇರಿಸಿ, "ಬಸ್ ತಪ್ಪತೈತಿ, ಲಗೂನ ಮುಗಸವಾ" ಎನ್ನುತ್ತಿದ್ದಾರೆ. ಬರೆಯಬೇಕೋ ಬೇಡವೋ ಎಂದು ಬಿಟ್ಟಿದ್ದೆ, ಬರೆಯುತ್ತೇನೆ. ವೈನಿ ನನ್ನೆದುರು ಹೂಂ ಎಂದು, ಒಳಗೆ ಹೋಗಿ ಇನ್ನೂ ಚಹಾದಲ್ಲೇ ಗುಳಿಗೆ ನುಂಗುತ್ತಿದ್ದಾಳೆ. ಇವತ್ತು ಕಣ್ಣಾರೆ ಕಂಡೆ. ಕೇಳಿದರೆ, "ಅತ್ತಿ ಹಾಕಿಕೊಟ್ಟ ಪದ್ಧತಿ, ಅವರಿಲ್ಲದಾಗ ನಾ ಹೆಂಗ ಮುರೀಲಿ? ಬಂದ ಮ್ಯಾಲ ಕೇಳಿದ್ರ ಏನ ಹೇಳ್ಲಿ?" ಎಂದಳು. ಸಾಲಿನವರೆಲ್ಲ ನನ್ನ ಮಾತು ಕೇಳಿದರೂ ಅವಳು ಕೇಳುವುದು ನಿನ್ನದೊಂದೇ. ಸಿಟ್ಟು ಬಂದಿದ್ದರೆ ನೀನು ಬಂದ ಮೇಲೆ ನನ್ನನ್ನು ಬೈ. ನಾಳೆ ಹನ್ನೊಂದರೊಳಗೆ ಫೋನ್ ಮಾಡು. ನನಗಲ್ಲ, ವೈನಿಗೆ.