ರೈಲು ನಿಂತಾಗ ಎದ್ದವರ ಬಗ್ಗೆ

ರಾತ್ರಿ ರೈಲುಗಳ ಮೇಲಧಿಕಾರಿಗಳಾದ ಮಾನ್ಯರೇ,

ನನ್ನ ಅಪ್ಪ ತಮ್ಮ ಇಲಾಖೆಯ ಸ್ಲೀಪರ್ ಬೋಗಿಯಿಂದ ಕೆಳಗೆ ಬಿದ್ದು ಸತ್ತರು. ನಾನು ಕೊಟ್ಟ ದೂರಿಗೆ ತಮ್ಮ ಕಚೇರಿ ಉತ್ತರ ಬರೆದಿದೆ: ‘ಪ್ರಯಾಣಿಕರು ಸ್ವಂತ ಅಜಾಗರೂಕತೆಯಿಂದ ನಿಲ್ದಾಣವಲ್ಲದ ಕಡೆ ಇಳಿದಿರುತ್ತಾರೆ.’ ಸಂತಾಪದ ಸಾಲೂ ಒಂದಿದೆ, ಇಲ್ಲವೆನ್ನಲಾರೆ. ಅದರ ಕೆಳಗೆ ತಮ್ಮ ಅಂದವಾದ ಸಹಿಯೂ ಇದೆ. ನನ್ನ ತಕರಾರು ಆ ‘ಅಜಾಗರೂಕತೆ’ಯ ಮೇಲೆ. ತಮಗೊಬ್ಬರಿಗೇ ಬರೆದಾಗ ಬಂದ ಉತ್ತರ ಇದಾದ್ದರಿಂದ, ಈ ಸಲ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ಅಪ್ಪ ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ನೇಕಾರರಾಗಿದ್ದವರು. ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದ ಆ ಗದ್ದಲದಲ್ಲೇ ಗೋಡೆಗೆ ಒರಗಿ ಒಂದು ಕೋಳಿನಿದ್ದೆ ತೆಗೆಯುವುದು ಅಲ್ಲಿಯವರಿಗೆಲ್ಲ ರೂಢಿ. ಸದ್ದು ಇರುವ ತನಕ ಎಲ್ಲ ಸರಿಯಾಗಿದೆ ಎಂದರ್ಥ. ತನ್ನ ಮಗ್ಗದ ಸದ್ದು ನಿಂತಿತೋ, ನೂಲು ಹರಿದಿದೆ, ಎದ್ದು ಓಡಬೇಕು. ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಅವರನ್ನು ಬಿಡಲಿಲ್ಲ. ಅಪ್ಪ ಮಲಗಿದ್ದಾಗ ಪಕ್ಕದಲ್ಲಿ ಪಾತ್ರೆ ಬಿದ್ದರೂ ಮಿಸುಕುತ್ತಿರಲಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತರೆ ಸಾಕು, ದಡಕ್ಕನೆ ಎದ್ದು ಕೂರುತ್ತಿದ್ದರು. ‘ಎದ್ರು ನೋಡು ನಿಮ್ಮಪ್ಪ, ಮಗ್ಗ ಹುಡುಕ್ತಾ ಇದಾರೆ’ ಎಂದು ಅಮ್ಮ ಕತ್ತಲಲ್ಲೇ ನಗುತ್ತಿದ್ದಳು.

ತಂಗಿಗೆ ಚೊಚ್ಚಲ ಹೆರಿಗೆಯಾಗಿತ್ತು. ಮೊಮ್ಮಗಳನ್ನು ನೋಡಲು ನಾನೂ ಅಪ್ಪನೂ ಹೊರಟೆವು. ಕೂಸಿನ ಮೈಗೆ ಚುಚ್ಚಬಾರದೆಂದು ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿ ಆರಿಸಿದವರು ಅಪ್ಪನೇ. ಆ ಬಟ್ಟೆಗಳ ಚೀಲವನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಕೆಳಗಿನ ಬರ್ತಿನಲ್ಲಿ ಮಲಗಿದರು. ನನಗೆ ನಡುವಿನದು.

ಮೊದಲೆಲ್ಲ ಬೋಗಿಗೊಬ್ಬ ನೌಕರನಿರುತ್ತಿದ್ದ. ಊರು ಹತ್ತಿರವಾದಾಗ ಬಂದು ಕಾಲು ಮುಟ್ಟಿ ಎಬ್ಬಿಸುತ್ತಿದ್ದ. ಖರ್ಚು ಉಳಿಸಲು ತಾವು ಅವನನ್ನು ಮನೆಗೆ ಕಳಿಸಿದಿರಿ. ಈಗ ಎಬ್ಬಿಸುವುದು ಮೊಬೈಲಿಗೆ ಬರುವ ಸಂದೇಶ. ನಮ್ಮ ಟಿಕೆಟ್ ಮಾಡಿಸಿದ್ದು ತಂಗಿಯ ಗಂಡ, ಆದ್ದರಿಂದ ಸಂದೇಶವೂ ಅವನಿಗೇ ಹೋಯಿತು. ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದ ಅವನನ್ನು ತಮ್ಮ ಇಲಾಖೆ ಬಹಳ ಜವಾಬ್ದಾರಿಯಿಂದ ಎಬ್ಬಿಸಿತು. ಇನ್ನು ‘ಪ್ರಯಾಣಿಕರ ಸುಖನಿದ್ರೆಗಾಗಿ’ ಬಾಗಿಲ ಬಳಿಯ ದೀಪವನ್ನೂ ಆರಿಸಬೇಕೆಂಬ ಆದೇಶವಂತೂ ತಮ್ಮದೇ.

ಸಿಗ್ನಲ್ ಸಿಗದೆ ರೈಲು ಸೇತುವೆಯ ಮೇಲೆ ನಿಂತಿತು. ಸದ್ದು ನಿಂತಿತು. ಅಪ್ಪ ಎದ್ದರು. ಎದುರು ಬರ್ತಿನಲ್ಲಿ ಎಚ್ಚರವಾಗಿದ್ದ ನರ್ಸಮ್ಮನೊಬ್ಬರಿಗೆ ಅವರು ಹೇಳಿದ್ದು ಇಷ್ಟು: ‘ಊರು ಬಂತು ಅಂತ ಕಾಣುತ್ತಮ್ಮ. ಮಗಳು ಸುಸ್ತಾಗಿ ಮಲಗಿದಾಳೆ. ಮೊದಲು ಚೀಲ ಇಳಿಸಿಬಿಟ್ಟು ಆಮೇಲೆ ಎಬ್ಬಿಸ್ತೀನಿ.’

ರೈಲು ಮತ್ತೆ ಹೊರಟಿತು. ಅಪ್ಪ ಬರಲಿಲ್ಲ. ನರ್ಸಮ್ಮ ಬಾಗಿಲ ತನಕ ಹೋಗಿ ನೋಡಿ ಬಂದು ನನ್ನನ್ನು ಅಲುಗಾಡಿಸಿದರು. ಚೈನು ಎಳೆದದ್ದು ನಾನೇ. ಸೇತುವೆಯ ಕೆಳಗೆ, ಹಳ್ಳದ ಕಲ್ಲುಗಳ ನಡುವೆ ಅಪ್ಪ ಸಿಕ್ಕಾಗ ಚೀಲದ ಹಿಡಿ ಇನ್ನೂ ಅವರ ಮುಷ್ಟಿಯಲ್ಲಿತ್ತು.

ಈಗ ಹೇಳಿ, ಅಜಾಗರೂಕರು ಯಾರು? ಸದ್ದು ನಿಂತ ಕೂಡಲೇ ಎದ್ದವರೋ? ಎಬ್ಬಿಸುವವನನ್ನು ತೆಗೆದು, ದೀಪ ಆರಿಸಿ, ಬಾಗಿಲಿಗೆ ಬೀಗವನ್ನೂ ಹಾಕದೆ ಹಾಯಾಗಿ ಮಲಗಿದವರೋ? ಮಲಗಿದವರು ಎಚ್ಚರವಾಗಿಯೇ ಇರಬೇಕು ಎನ್ನುವುದಾದರೆ ತಾವು ಬರ್ತಿಗೆ ಹಣ ಪಡೆಯುವುದಾದರೂ ಯಾತಕ್ಕೆ?

ತಮಗೆ ಆ ‘ಅಜಾಗರೂಕತೆ’ ಕಡತ ಮುಚ್ಚುವ ಮಾತು. ತಂಗಿಯ ಗಂಡನ ಮನೆಯವರು ಆ ಉತ್ತರ ಓದಿ, ಬೀಗರು ರೈಲಿನಲ್ಲಿ ಕುಡಿದಿದ್ದಿರಬೇಕು ಎಂದು ಗುಸುಗುಸು ಶುರು ಮಾಡಿದರು. ಬಾಣಂತಿ ಹುಡುಗಿ ಫೋನಿನಲ್ಲಿ ದನಿ ತಗ್ಗಿಸಿ ನನ್ನನ್ನು ಕೇಳಿದಳು: ‘ಅಪ್ಪ ಕುಡಿದಿದ್ರಾ ಅಕ್ಕಾ? ನಿಜ ಹೇಳು.’ ಜೀವನದಲ್ಲಿ ಒಂದು ಬೀಡಿಯನ್ನೂ ಸೇದದ ಮನುಷ್ಯ, ಮಾನ್ಯರೇ.

ಪರಿಹಾರ ಕೊಟ್ಟರೆ ಕೊಡಿ, ಬಿಟ್ಟರೆ ಬಿಡಿ. ಆ ‘ಅಜಾಗರೂಕತೆ’ಯನ್ನು ಹೊಡೆದುಹಾಕಿ, ತಪ್ಪು ಇಲಾಖೆಯದು ಎಂದು ಬರೆದು, ಅದೇ ಅಂದವಾದ ಸಹಿ ಹಾಕಿ ನನ್ನ ತಂಗಿಯ ಮನೆಗೆ ಕಳಿಸಿ. ಬಾಗಿಲ ದೀಪ ಹಚ್ಚಿಸಿ. ಕಾಲು ಮುಟ್ಟಿ ಎಬ್ಬಿಸುವ ಒಬ್ಬ ಮನುಷ್ಯನನ್ನು ಬೋಗಿಗೆ ವಾಪಸು ಕೊಡಿ.

ನಿನ್ನೆ ರಾತ್ರಿಯೂ ನಮ್ಮಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಅಮ್ಮ ನಗಲಿಲ್ಲ. ದಡಕ್ಕನೆ ಎದ್ದು ಕೂತು, ಕತ್ತಲಲ್ಲಿ ಪಕ್ಕದ ಹಾಸಿಗೆಯನ್ನು ಕೈಯಿಂದ ತಡವಿ ನೋಡಿದಳು.

ಇಂತಿ,
ತಮ್ಮ ಆದೇಶದಂತೆ ನಡುವಿನ ಬರ್ತಿನಲ್ಲಿ ಸುಖವಾಗಿ ನಿದ್ರಿಸಿದ್ದ ಮಗಳು